ಮೊಳೆಯ ಲೆಕ್ಕ

ಏಣಿ ಇಳಿದು ಬಂದ ಇಥೆಲ್,
ಕಂಕುಳಲ್ಲಿ ನಮ್ಮದೇ ಮಾಡಿನ ಒಂದು ಸ್ಲೇಟು.
ಅಡುಗೆಮನೆಯ ಮೇಜಿನ ಮೇಲಿಟ್ಟು
ಸೀಮೆಸುಣ್ಣದಲ್ಲಿ ಅದರ ಮೇಲೆಯೇ ಬರೆದ:
ಅಟ್ಟಣಿಗೆಗೆ ಮೂರು ಸಾವಿರ ಪೌಂಡು,
ಮರದ ಪಟ್ಟಿಗೆ, ಸೀಸದ ತಗಡಿಗೆ, ನಾಲ್ಕಾಳಿನ ಕೂಲಿಗೆ,
ಎಲ್ಲ ಕೂಡಿ ಹದಿನಾಲ್ಕು ಸಾವಿರದ ಇನ್ನೂರು.

‘ಕಲ್ಲಿಗೆ?’ ಎಂದೆ.
‘ಕಲ್ಲಿಗೇನಾಗಿದೆ, ಮೆರೆರಿಡ್?
ಇನ್ನೂ ನೂರು ವರ್ಷ ಬಾಳುತ್ತದೆ.
ಸತ್ತಿರುವುದು ಮೊಳೆ.’

ಅಂಗೈಯಲ್ಲಿಟ್ಟು ತೋರಿಸಿದ:
ಇಲಿಯ ಹಲ್ಲಿನಷ್ಟು, ತುಕ್ಕು ತಿಂದುಳಿಸಿದ್ದು.
ಹೊಸ ತಾಮ್ರದ್ದಕ್ಕೆ ಕೆಲವೇ ಪೆನ್ನಿ.
ಆದರೆ ಅದನ್ನು ಹೊಡೆಯಲು
ಇಡೀ ಮಾಡು ಬಿಚ್ಚಿ ಅಂಗಳಕ್ಕಿಳಿಸಬೇಕು,
ಒಂದೊಂದನ್ನೂ ತಟ್ಟಿ ಕೇಳಬೇಕು:
ಠಣ್ಣೆಂದರೆ ಮತ್ತೆ ಮೇಲಕ್ಕೆ,
ಬೊದ್ದೆಂದರೆ ತಿಪ್ಪೆಗೆ.

ಕಿಟಕಿಯಾಚೆ ಅರ್ಧ ಕಡಿದ ಬೆಟ್ಟ.
ಅದನ್ನು ಸೀಳಿ ಸೀಳಿ ಅಜ್ಜ
ಕೆಮ್ಮಿ ಕೆಮ್ಮಿ ಹೋದ.
ಮೊಳೆ ಯಾರು ತಂದರೋ, ಎಲ್ಲಿ ಅಗ್ಗವೆಂದು.

‘ಸ್ಲೇಟು ಇರಲಿ, ನಿಮ್ಮದೇ ತಾನೆ’
ಎಂದು ಚಹಾ ಮುಗಿಸಿ ಹೋದ.
ಅದಿದ್ದ ಜಾಗಕ್ಕೆ ತಾಡಪಾಲು.

ರಾತ್ರಿ ಒದ್ದೆ ಬಟ್ಟೆ ಹಿಡಿದು ನಿಂತೆ.
ಒರೆಸಲಿಲ್ಲ.
ಕೆಳಗೆ, ಕಾರು ಮಾರಿದರೆ ಬರುವುದನ್ನು ಬರೆದು
ಕಳೆದೆ.
ಬಾಕಿಯ ಕೊನೆಯ ಸೊನ್ನೆಗೆ
ಮೊಳೆಯ ತೂತೇ ಸಾಕಾಯಿತು.