ಹಲ್ಲಿನ ಮಾತು

ಅರಬೈಲ್ ಘಟ್ಟದ ನಡುವಿನ ತಿರುವಿನಲ್ಲಿ
ನಾಲ್ಕರಿಂದ ಮೂರಕ್ಕೆ ಇಳಿಸುವಾಗ
ಗರ್ ಅಂತ ಬಂತು ಸದ್ದು,
ಕೈಗೆ ಮೊದಲು, ಕಿವಿಗೆ ಆಮೇಲೆ.
ಹಿಂದೆ ನಲವತ್ತು ಕ್ರೇಟು ಬಂಗುಡೆ, ಕರಗುವ ಐಸು,
ಹುಬ್ಬಳ್ಳಿಯಲ್ಲಿ ಐದು ಗಂಟೆಗೆ ಕಾಯುವ ತಕ್ಕಡಿ.
ಕ್ಲಚ್ಚು ಎರಡು ಸಲ ಒತ್ತಿದೆ, ಬೈದೆ, ಬೇಡಿಕೊಂಡೆ.
ಮೂರು ಒಳಗೆ ಹೋಯಿತು,
ಮುನಿಸಿಕೊಂಡ ನೆಂಟ ಮದುವೆ ಚಪ್ಪರ ಹೊಕ್ಕ ಹಾಗೆ.

ಬೈತಖೋಲದ ಬಂದರು, ಬಲೆ ಒಣಗಿಸುವ ಬಯಲು,
ಅದರಾಚೆ ಬಸ್ತ್ಯಾಂವನ ಶೆಡ್ಡು.
ಯಲ್ಲಾಪುರದ ಕಡೆಯ ಸಿದ್ದಿ ಅವನು;
ಯಾವುದೋ ಹಡಗಿನ ಇಂಜಿನ್ ಕೋಣೆಯಲ್ಲಿ
ಎರಡೂ ಕಿವಿ ಬಿಟ್ಟು ಬಂದವನು.
ಉದ್ದ ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಲ್ಲಿ ಕಚ್ಚಿ
ತುದಿಯನ್ನು ಗೇರ್‌ಬಾಕ್ಸಿನ ಮೈಗೆ ಒತ್ತಿ
ಕಣ್ಣು ಮುಚ್ಚಿದ.
ದವಡೆಯಿಂದ ಕೇಳುತ್ತಾನೆ.
ಹಲ್ಲಿನ ಮಾತು ಹಲ್ಲಿಗೇ ತಿಳಿಯಬೇಕು ತಾನೇ.

"ಪುರ್ಸು, ಎಂತಾ ಎಣ್ಣೆ ಹಾಕಿದ್ದೆ?"
ಕೈ ಸನ್ನೆ ಮಾಡಿ, ಕೂಗಿ, ಹೇಳಿದೆ:
ಭಾವನ ಲಾರಿಯ ಆಕ್ಸಲ್ಲಿಗೆ ತಂದದ್ದು ಮಿಕ್ಕಿತ್ತು,
ಜಿಎಲ್ ಐದು.
ನಾಲ್ಕಕ್ಕಿಂತ ಐದು ದೊಡ್ಡದಲ್ಲವಾ.
ಅವನು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಬಿಣಗಾ ತನಕ ಒಂದು ಸುತ್ತು ಓಡಿಸಿ ತರಿಸಿದ, ಎಣ್ಣೆ ಬಿಸಿಯಾಗಲಿ ಅಂತ.
ಟೆಂಪೊ ಅಡಿಗೆ ನನ್ನನ್ನೂ ಮಲಗಿಸಿದ.
ಕೆಳಗಿನ ಬೂಚಿಗೆ ಕೈ ಹಾಕಿದೆ,
ಪಾನಾದಿಂದ ಗೆಣ್ಣಿಗೆ ಒಂದು ಬಿತ್ತು.
"ತುಂಬೋ ಬೂಚು ಮೊದಲು!
ಅದು ತುಕ್ಕು ಹಿಡಿದು ಏಳದೇ ಹೋದ್ರೆ?
ಇದ್ದದ್ದು ಚೆಲ್ಲಿ, ಹೊಸದು ಹೊಯ್ಯೋಕೆ ಬಾಯಿಲ್ಲದೆ
ಇಲ್ಲೇ ಸಂಸಾರ ಹೂಡ್ತೀಯಾ?"

ಮೇಲಿನದು ಕಿರುಗುಟ್ಟುತ್ತ ಬಂತು. ಆಮೇಲೆ ಕೆಳಗಿನದು.
ತಳದ ಹೂಳನ್ನೂ ಎಬ್ಬಿಸಿಕೊಂಡು ಇಳಿಯಿತು ಎಣ್ಣೆ,
ಗಂಧಕದ ವಾಸನೆ.
ಬೂಚಿನ ಆಯಸ್ಕಾಂತದ ಮೇಲೆ ಬೂದು ಕೆಸರು,
ಕಾಡಿಗೆಯಷ್ಟು ನುಣುಪು.
"ಇದು ವಯಸ್ಸು. ಇದಕ್ಕೆ ಹೆದರಬೇಡ."
ಒರೆಸಿ, ಬೋಗುಣಿಯನ್ನು ಬಿಸಿಲಿಗೆ ವಾಲಿಸಿದ:
ಎಣ್ಣೆಯೊಳಗೆ ಚಿನ್ನದ ಪುಡಿ ಈಜುತ್ತಿತ್ತು,
ಆಯಸ್ಕಾಂತ ಹಿಡಿಯದ್ದು.
"ಇದಕ್ಕೆ ಹೆದರು."

ಹಿತ್ತಾಳೆ.
ಒಳಗೆ ಒಂದು ಹಿತ್ತಾಳೆ ಉಂಗುರ ಇದೆಯಂತೆ.
ಗೇರು ಒಂದು ವೇಗದಲ್ಲಿ, ದಂಡ ಇನ್ನೊಂದು ವೇಗದಲ್ಲಿ;
ಉಂಗುರ ಉಜ್ಜಿ ಉಜ್ಜಿ
ಎರಡನ್ನೂ ಒಂದೇ ನಡಿಗೆಗೆ ತರುತ್ತದೆ, ಅರೆಕ್ಷಣದಲ್ಲಿ.
ಅದಕ್ಕೆ ಜಾರುವುದೂ ಬೇಕು, ಹಿಡಿಯುವುದೂ ಬೇಕು.
ನಾನು ಹೊಯ್ದದ್ದು ಬರೀ ಜಾರಲು ಬಲ್ಲ ಎಣ್ಣೆ.
ಮೇಲಿಂದ ಅದರ ಗಂಧಕ ಹಿತ್ತಾಳೆಯನ್ನು ತಿಂದಿದೆ
ಅಟ್ಟದ ಇಲಿ ಕೊಬ್ಬರಿ ತಿಂದ ಹಾಗೆ, ಸದ್ದಿಲ್ಲದೆ,
ನಾನು ಸ್ಟೀರಿಂಗು ತಟ್ಟುತ್ತ ಶಿಳ್ಳೆ ಹಾಕುತ್ತಿದ್ದಾಗ.

ಮೂರು ದಿನ ಟೆಂಪೊ ಶೆಡ್ಡಿನಲ್ಲಿ ಕೂತಿತು.
ಮೀನು ಬೇರೆಯವರ ಗಾಡಿಯಲ್ಲಿ ಹೋಯಿತು.
ಹೊಸ ಉಂಗುರ, ಹೊಸ ಸೀಲು, ತಾಮ್ರದ ವಾಷರು.
ವಾಷರಿಗೆ ಹದಿನೈದು ರೂಪಾಯಿ,
ಚೌಕಾಸಿ ಮಾಡಿದ್ದಕ್ಕೆ ಈಗಲೂ ನಾಚಿಕೆ.
ಡಬ್ಬಿಯ ಅಕ್ಷರ ನನ್ನಿಂದಲೇ ಓದಿಸಿದ:
ಎಂಬತ್ತು ಡಬ್ಲ್ಯೂ ತೊಂಬತ್ತು, ಜಿಎಲ್ ನಾಲ್ಕು.
ತುಟಿ ನೋಡುತ್ತ, ಇನ್ನೊಮ್ಮೆ, ಅಂದ.
"ಕಂಪನಿ ಪುಸ್ತಕ ಹೇಳಿದ್ದು ಹಾಕು. ಭಾವ ಕೊಟ್ಟದ್ದಲ್ಲ."

ಜೋನಿಬೆಲ್ಲದ ಹಾಗೆ ಇಳಿಯಿತು ಹೊಸ ಎಣ್ಣೆ.
ತೂತಿನ ಅಂಚಿಗೆ ಬಂದು
ಒಂದು ಹನಿ ತಾನಾಗಿ ಹೊರಬಿದ್ದಾಗ, ಸಾಕು, ಅಂದ.
ಬಾಗಿಲ ಒಳಗಡೆ ಸೀಮೆಸುಣ್ಣದಿಂದ ಕಿಲೋಮೀಟರು ಬರೆದ.
"ನಲವತ್ತು ಸಾವಿರ ಆದ್ಮೇಲೆ ಬಾ.
ಮಳೇಲಿ ಹಳ್ಳ ದಾಟಿದ್ರೆ ಮರುದಿನವೇ ಬಾ.
ಎಣ್ಣೆ ಮಜ್ಜಿಗೆ ಆದ್ರೆ, ಮಾರಾಯ, ನನ್ನ ಹತ್ರ ಅಳಬೇಡ,
ನಂಗೆ ಕೇಳೋದಿಲ್ಲ."

ಉಪ್ಪುಗಾಳಿಗೆ ಸೀಮೆಸುಣ್ಣ ವಾರದೊಳಗೆ ಅಳಿಸಿತು.
ಮೊಳೆಯಿಂದ ಕೆತ್ತಿದ್ದೇನೆ.

ನಿನ್ನೆ ರಾತ್ರಿ ಅದೇ ತಿರುವು.
ನಾಲ್ಕರಿಂದ ಮೂರು.
ಸದ್ದಿಲ್ಲ.
ಆದರೂ ಒಂದು ಗಳಿಗೆ
ಹಲ್ಲಿಗೆ ಹಲ್ಲು ಕೂಡಿಸಿ, ದವಡೆ ಬಿಗಿದು,
ಕೇಳಿಸಿಕೊಂಡೆ.