ಹೊತ್ತು ಹೇಳುವ ಕೆಲಸ

ಕಾರವಾರದ ಈ ಜೈಲಿಗೂ ಕಡಲಿಗೂ ನಡುವೆ
ಒಂದು ಗೋಡೆ, ಒಂದು ರಸ್ತೆ, ಒಂದು ಸಾಲು ಗಾಳಿಮರ.
ಕಡಲು ಕೇಳುತ್ತದೆ, ಕಾಣುವುದಿಲ್ಲ.

ನಾನು ಠಾಕು ಹರಿಕಂತ್ರ, ಚಿತ್ತಾಕುಲದವ.
ಬಲೆ ಜಗಳದಲ್ಲಿ ಹುಟ್ಟು ಎತ್ತಿದ್ದು ಹೌದು,
ಹೊಡೆದದ್ದು ನಾನಲ್ಲ ಅಂದೆ.
ಕೋರ್ಟು ಮೊದಲರ್ಧ ಮಾತ್ರ ನಂಬಿತು.
ದೋಣಿಯಲ್ಲಿ ಆರು ಜನಕ್ಕೆ ಗಂಜಿ ಕಾಸಿದ ಕೈ
ಈಗ ನೂರಾ ನಲವತ್ತಕ್ಕೆ ಸಾರು ಕಲಕುತ್ತದೆ.

ಬಂದ ದಿನ ಹೆಸರು ಬರೆಸುವಾಗ
ಧರ್ಮದ ಮುಂದೆ ಇನ್ನೊಂದು ಖಾಲಿ ಜಾಗ: ಆಹಾರ.
ಮೀನು, ಅಂದೆ.
ಅದು ಧರ್ಮ ಅಲ್ಲ ಮಾರಾಯ, ಬಾಯಿಚಪಲ,
ಅಂತ ಗುಮಾಸ್ತರು ಅಡ್ಡಗೆರೆ ಎಳೆದರು.
ಎಳೆಯಲಿ. ನನ್ನ ಅಜ್ಜಿಯನ್ನು ಕೇಳಬೇಕಿತ್ತು ಅವರು.

ಹಾಡುವಳ್ಳಿಯ ನಾಭಿರಾಜಯ್ಯ, ಸೊಸೈಟಿ ಲೆಕ್ಕದ ಕೇಸು.
ಮಣ್ಣೊಳಗೆ ಬೆಳೆದದ್ದು ತಿನ್ನ,
ಸೋಸದ ನೀರು ಕುಡಿಯ.
ಸೋಸುವ ಬಟ್ಟೆಗೆ ಅರ್ಜಿ ಕೊಟ್ಟ.
ಬಟ್ಟೆಯೆಂದರೆ ಇಲ್ಲಿ ಎಲ್ಲರಿಗೂ ಕುತ್ತಿಗೆಯ ನೆನಪು.
ಸಾಹೇಬರು ಮೂರು ದಿನ ಯೋಚಿಸಿ
ಗೇಣುದ್ದ ಗೇಣಗಲ ಮಂಜೂರು ಮಾಡಿದರು,
ರಾತ್ರಿ ವಾಪಸು ಕೊಡಬೇಕೆಂಬ ಷರತ್ತಿನ ಮೇಲೆ.

ಭಟ್ಕಳದ ಶಾಬಂದ್ರಿ ಮಾಮುಗೆ ರಂಜಾನಿನಲ್ಲಿ
ದಿನಕ್ಕೆ ಮೂರು ಖರ್ಜೂರ, ಬೀಜ ಎಣಿಸಿ ಒಪ್ಪಿಸಬೇಕು.
ನಸುಕಿನ ನಾಲ್ಕಕ್ಕೆ ಅವರ ರೊಟ್ಟಿಗೆ ನಾನು ಏಳುವಾಗ
ಬೀಗ ತೆಗೆವ ವಾರ್ಡರು ಬೈಯುತ್ತಾನೆ,
ಬೈದು, ತನಗೂ ಒಂದು ಚಾ ಇಡು ಅನ್ನುತ್ತಾನೆ.

ಬೈತ್‌ಕೋಲಿನ ಕೈತಾನನದು ಬೇರೆಯೇ.
ಹೊರಗಿದ್ದಾಗ ಇಗರ್ಜಿ ಮೆಟ್ಟಿಲು ಹತ್ತಿದವನಲ್ಲ,
ಇಲ್ಲಿ ತಪಸ್ಸಿನ ಕಾಲ ಬಂದದ್ದೇ
ಶುಕ್ರವಾರದ ಕೋಳಿಯನ್ನು ಪಕ್ಕಕ್ಕೆ ತಳ್ಳಿದ.
ನಾಟಕ, ಅಂದರು.
ಪಾತ್ರೆ ತಿಕ್ಕುತ್ತ ನನಗೆ ಹೇಳಿದ:
‘ಏಳು ಅಂದರೆ ಏಳುತ್ತೇನೆ, ಕೂರು ಅಂದರೆ ಕೂರುತ್ತೇನೆ.
ಬೇಡ ಅನ್ನಲಿಕ್ಕೆ
ಇದೊಂದೇ ಉಳಿದಿರುವುದಲ್ಲವೋ ಠಾಕು.’

ಆ ಸಂಜೆ ಗ್ಯಾಸು ತೀರಿ ಊಟ ತಡವಾಯಿತು.
ಆರಕ್ಕೆ ಬೀಗ ಬಿತ್ತು, ಸರಳಿನ ಸಂದಿಯಿಂದಲೇ ತಟ್ಟೆ ಕೊಟ್ಟೆ.
ಅಕಾಲದ ಮೋಡ. ಕರೆಂಟಿಲ್ಲ.
ಮಸೀದಿಯ ಮೈಕು ಸುಮ್ಮನಿದೆ.
ನಾಭಿರಾಜಯ್ಯ ಹೊತ್ತು ಮುಳುಗುವ ಮೊದಲು ಉಣ್ಣಬೇಕು,
ಪಕ್ಕದ ಕೋಣೆಯ ಮಾಮು ಮುಳುಗಿದ ಮೇಲೆ.

‘ಠಾಕು, ಇನ್ನೂ ಇದೆಯೇನೋ?’
‘ಠಾಕು, ಆಯಿತೇನೋ?’
ಇಬ್ಬರೂ ಕೇಳಿದ್ದು ಒಂದೇ ಸೂರ್ಯನನ್ನು.

ಅಂಗಳಕ್ಕೆ ಇಳಿದು ನಿಂತೆ.
ಹದ್ದುಗಳು ಬಾದಾಮಿ ಮರಕ್ಕೆ ಬಂದು
ಕೊಂಬೆಯ ಜಗಳ ಮುಗಿಸಿ ಕೂತಿದ್ದವು.
ಕಡಲಗಾಳಿ ಬೀಸಿ ಬೀಸಿ ಒಮ್ಮೆ ತಡೆಯಿತು.
ಆ ತಡೆ ದೋಣಿಯವನಿಗೆ ಮೊದಲು ಗೊತ್ತಾಗುವುದು
ಕಿವಿಯ ಹಿಂದಿನ ಬೆವರಿಗೆ.
ಇನ್ನೂ ಸ್ವಲ್ಪ ಕಾದೆ. ಯಾರ ಪಾಲಿಗೆ ಕಾದೆನೋ.

ಮುಳುಗಿತು, ಅಂದೆ.

ಬಾಯ ಹತ್ತಿರ ಹೋಗಿದ್ದ ತುತ್ತು ತಟ್ಟೆಗೆ ಇಳಿಯಿತು.
ಗೋಡೆಯಾಚೆ ಅದೇ ಗಳಿಗೆಯಲ್ಲಿ
ಖರ್ಜೂರ ತುಟಿ ಮುಟ್ಟಿತು.
ಯಾರೂ ವಾರ್ಡರನ ಗಡಿಯಾರ ಕೇಳಲಿಲ್ಲ.
ಸಾಕ್ಷಿ ಯಾರಿದ್ದಾರೆ ಅನ್ನಲಿಲ್ಲ.

ರಾತ್ರಿ ನಿದ್ದೆ ಹತ್ತಲಿಲ್ಲ.
ಬೇಗ ಹೇಳಿದ್ದರೆ ಒಬ್ಬರ ರೋಜಾ ಕೆಟ್ಟಿತು,
ತಡವಾಗಿದ್ದರೆ ಇನ್ನೊಬ್ಬರ ವ್ರತ.
ಹುಟ್ಟು ಎತ್ತಿದ ರಾತ್ರಿಯೂ
ಇಷ್ಟು ಲೆಕ್ಕ ಹಾಕಿರಲಿಲ್ಲ ನಾನು.

ಗೋಡೆಯ ಆಚೆ ಎಲ್ಲೋ ಯಾರೋ
ಹೊತ್ತಲ್ಲದ ಹೊತ್ತಿನಲ್ಲಿ ಬಾಂಗಡೆ ಸುಡುತ್ತಿದ್ದರು.
ಎದ್ದು ಕೂತು, ಮೂಗು ತುಂಬ ಎಳೆದುಕೊಂಡೆ,
ಅರ್ಜಿ ಇಲ್ಲದೆ.

ನಾಲ್ಕಾಯಿತು ಏಳೋ, ಅಂತ ಬೀಗ ಬೈಯಿತು.
ಹಿಟ್ಟಿಗೆ ನೀರು ಹಾಕಿದೆ.