ನೆನೆದ ಕಲ್ಲಿನ ತೂಕ

ಅಂದಾಪಾದಿಂದ ಅರ್ಧ ದಿನ ಲಾರಿ,
ಆಮೇಲೆ ನನ್ನ ಕಾಲೇ ಲಾರಿ.
ಹೆಗಲಲ್ಲಿ ವೆನಿಲಾ ತೂಗುವ ತಕ್ಕಡಿ, ಅದರ ಕೊಕ್ಕೆ
ಹೆಜ್ಜೆಗೊಮ್ಮೆ ಬೆನ್ನು ಕೆರೆಯುತ್ತಿತ್ತು.

ಕೊನೆಯ ಊರಲ್ಲಿ ಹನ್ನೊಂದು ಮನೆ.
ಹಸಿ ಕಾಯಿಗಳ ಮೈಮೇಲೆ ಸೂಜಿಚುಕ್ಕೆಯಲ್ಲಿ ಒಡೆಯರ ಹೆಸರು;
ಕದ್ದವನ ಕೈಯಲ್ಲೂ ಕಾಯಿ ಬಾಯಿಬಿಡಲಿ ಅಂತ.
ಜಾಫಿಸೋವಾ ಮುದುಕಿಯ ಗುರುತಿನಲ್ಲಿ ಅಕ್ಷರವೇ ಇಲ್ಲ:
ಮೇಲಿಂದ ಕೆಳಕ್ಕೆ ಒಂದು ಗೆರೆ,
ಬುಡದಲ್ಲಿ ಚದುರಿದ ಮೂರು ಚುಕ್ಕೆ.
"ಏನಿದು?" ಎಂದೆ.
"ನೋಡಬೇಕಾ? ತೂಕ ನಾಡಿದ್ದು ಮಾಡು" ಎಂದಳು.

ನಸುಕಿಗೆ ಮುಂಚೆ ಹೊರಟೆವು.
"ನಿನ್ನೆ ಹಂದಿ ತಿಂದಿದ್ದೀಯಾ?"
"ಇಲ್ಲ."
"ಬೆರಳು ಚಾಚಿ ಏನನ್ನೂ ತೋರಿಸಬೇಡ, ಅಲ್ಲಿ ಹಿರಿಯರು ಮಲಗಿದ್ದಾರೆ.
ತೋರಿಸಲೇಬೇಕಾದರೆ ಹೀಗೆ" ಎಂದು
ತೋರುಬೆರಳನ್ನು ಮಡಿಸಿ, ಗೆಣ್ಣಿನಿಂದ
ಕಣಿವೆಯ ಕತ್ತಲನ್ನು ತೋರಿದಳು,
ಕದ ತಟ್ಟುವವಳ ಹಾಗೆ.

ದಾರಿ ಅಂತ ಇರಲಿಲ್ಲ; ಅವಳಿದ್ದಳು.
ಪಯಣಿಗರ ಬಾಳೆಯ ಬೀಸಣಿಗೆಗಳಡಿ ಅವಳ ಒಡೆದ ಹಿಮ್ಮಡಿ
ಒಂದೊಂದು ಬೇರನ್ನೂ ಮೆಟ್ಟಿಲು ಮಾಡಿಟ್ಟು ಇಳಿಯುತ್ತಿತ್ತು.
ಹಿಂದೆ ನಾನು, ಜಿಗಣೆ ಕೀಳುತ್ತ, ಬೀಳುತ್ತ,
ನನ್ನನ್ನು ಹೆತ್ತವರನ್ನೂ ಕಾಡನ್ನೂ ಬಯ್ಯುತ್ತ.
ಮೇಲೆಲ್ಲೋ ಬಿಳಿ ಲೀಮರ್ ಒಂದು ಸೀನಿತು.
ಸದ್ದು ಕಿವಿಗೆ ಬರುವ ಮುಂಚೆ
ಅಂಗಾಲಿಗೆ ಬಂತು.
ಅವಳು ಎಲೆ ಸರಿಸಿದಳು.

ಏನು ಹೇಳಲಿ.
ಮೇಲಿನ ಅಂಚಿನಲ್ಲಿ ನೀರು ಒಂದು ಗಳಿಗೆ
ಬೀಳಲೋ ಬೇಡವೋ ಎಂದು ನಿಂತಂತಿತ್ತು,
ಅಳೆದು ಕೊಡುವವನ ಕೈ ತಡೆದ ಹಾಗೆ;
ಆಮೇಲೆ ಸೇರು ಪಾವಿನ ಹಂಗಿಲ್ಲದೆ
ಅಷ್ಟನ್ನೂ ಸುರಿದುಬಿಟ್ಟಿತು. ಮತ್ತೆ ಸುರಿಯಿತು.

ನನ್ನ ಕಿವಿಗೆ ಬಾಯಿಟ್ಟು ಕೂಗಿದಳು:
"ಇಲ್ಲಿ ಆಡಿದ್ದು ಯಾರಿಗೂ ಕೇಳಿಸುವುದಿಲ್ಲ!
ಸೊಸೆಯ ಮೇಲಿನದು, ಸತ್ತ ಗಂಡನ ಮೇಲಿನದು,
ಊರಲ್ಲಿ ನುಂಗಿದ್ದೆಲ್ಲ ಇಲ್ಲಿ ತಂದು ಚೆಲ್ಲುತ್ತೇವೆ!"
ತುಂತುರಿನೊಳಕ್ಕೆ ಹೋದಳು. ಬಾಯಿ
ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಮೀನಿನ ಹಾಗೆ.
ಹೊರಬಂದಾಗ ಮುಖ ಸಿಪ್ಪೆ ಸುಲಿದ ಗೆಣಸು.

ಸರಿ, ನಾನೂ ಹೋದೆ. ಬಂಡೆಗೆ ಬೆನ್ನು ಕೊಟ್ಟು
ತೀರಿಕೊಂಡ ಅಮ್ಮನನ್ನು ಕರೆಯೋಣವೆಂದು ಬಾಯಿ ತೆರೆದರೆ
ಬಂದದ್ದು:
"ತಿರುಪನ್ನು ಅರ್ಧ ಸುತ್ತು ಬಿಗಿದಿದ್ದೇನೆ!
ಕಿಲೋಗೆ ನೂರು ಗ್ರಾಂ! ಮೂರು ಸುಗ್ಗಿಯಿಂದ!
ಸಾಹುಕಾರನಿಗೆ ಅರವತ್ತು, ನನಗೆ ನಲವತ್ತು!"
ಇನ್ನೊಮ್ಮೆ ಕೂಗಿದೆ. ಎಷ್ಟು ಸಲೀಸು!
ನೀರು ತನ್ನ ಪಾಡಿಗೆ ಬೀಳುತ್ತಿತ್ತು.

ತಿರುಗಿದರೆ ಮುದುಕಿ ಮಡುವಿನಲ್ಲಿ ಮೊಣಕಾಲುದ್ದ ನಿಂತು
ತಳದಲ್ಲಿ ಏನೋ ತಡಕುತ್ತಿದ್ದಳು.
ಏರುವ ದಾರಿಯುದ್ದಕ್ಕೂ ಮಾತಿಲ್ಲ.
ರಾತ್ರಿ ಸೀದ ಅನ್ನದ ಬಿಸಿನೀರು ಕೊಟ್ಟಳು,
ಚಾಪೆ ಕೊಟ್ಟಳು.

ತೂಕದ ದಿನ ಹನ್ನೊಂದು ಮನೆಯೂ ಬುಟ್ಟಿ ಹಿಡಿದು ಸಾಲು.
ಮೊದಲನೆಯವಳು ಅವಳೇ. ಕೊಕ್ಕೆಗೆ ಸಿಕ್ಕಿಸಿದ
ಚೀಲದೊಳಗೆ ಕಾಯಿ ಇರಲಿಲ್ಲ,
ಪಾಚಿ ಹಿಡಿದ ಒಂದು ಗುಂಡುಕಲ್ಲು.
"ಎಷ್ಟು?"
"ಒಂಬೈನೂರು."
"ಮಿಷನ್ನಿನ ಪಾದ್ರಿಯ ತಕ್ಕಡಿಯಲ್ಲಿ ಕಿಲೋ ಇತ್ತು" ಎಂದಳು,
ಅಕ್ಕಿಗೆ ನೀರು ಎಷ್ಟು ಎಂದು ಹೇಳುವ ದನಿಯಲ್ಲಿ.
"ಹೋದ ವರ್ಷ ತೂಗಿಸಿ ತಂದು
ಮತ್ತೆ ನೀರಿಗೇ ಇಟ್ಟಿದ್ದೆ."

ಆಮೇಲೆ ಬೆರಳು ಮಡಿಸಿದಳು.
ಗೋರಿಯನ್ನು ತೋರಿಸುವ ಅದೇ ಗೆಣ್ಣಿನಿಂದ
ತಕ್ಕಡಿಯ ಮುಳ್ಳನ್ನು ತೋರಿದಳು.

ಜೇಬಲ್ಲಿ ತಿರುಪುಳಿ ಹುಡುಕಿದೆ.
ಸಾಲು ಕಾಯಿತು. ಯಾರದೋ ಕೋಳಿ
ನನ್ನ ಪಾದದ ಮೇಲೆ ಹತ್ತಿ ಇಳಿಯಿತು.
ಅರ್ಧ ಸುತ್ತು ಸಡಿಲಿಸಿದೆ. ಮುಳ್ಳು ಏರಿತು,
ಕಿಲೋ ಗೆರೆ ಮುಟ್ಟಿ, ದಾಟಿ,
ಕೂದಲೆಳೆಯಷ್ಟು ಆಚೆ ನಿಂತಿತು.

"ಹೆಚ್ಚಿದೆ" ಎಂದೆ.
"ಅದು ನೀರಿಂದು" ಎಂದಳು.
"ಅಷ್ಟನ್ನು ನೀನಿಟ್ಟುಕೋ."